ಕೌದಿ ಒಂದು, ಬಹಳ ನಾತ

ನಾವು ಸಣ್ಣವರಿದ್ದಾಗ ಡೋಣಿ ಹೊಳೆಗೆ ಏನು ಬೇಕಾದರೂ ಕೊಡಬಹುದಿತ್ತು. ಗಾಜು ಒಡೆದ ದೇವರ ಫೋಟೋ, ದೃಷ್ಟಿ ತೆಗೆದ ನಿಂಬೆಹಣ್ಣು, ಹಬ್ಬದ ಮಾರನೆಯ ದಿನದ ಬಾಡಿದ ಹೂವು, ಸತ್ತವರ ಹಾಸಿಗೆ, ಅವರ ಚಪ್ಪಲಿ, ಅವರು ನುಂಗಿ ಉಳಿಸಿದ ಗುಳಿಗೆ. ಮನೆಯಲ್ಲಿ ಇಡಬಾರದ್ದು, ತಿಪ್ಪೆಗೂ ಎಸೆಯಬಾರದ್ದು ಏನಿದ್ದರೂ "ಹೊಳಿಗೆ ಬಿಟ್ಟ ಬಾ" ಎನ್ನುತ್ತಿದ್ದರು. ಬಿಟ್ಟವರು ಕೈಕಾಲು ತೊಳೆದು ಹಿಂದೆ ತಿರುಗಿ ನೋಡದೆ ಬರಬೇಕು. ಯಾರೂ ತಿರುಗಿ ನೋಡದ ಕಾರಣ ಹೊಳೆ ಎಲ್ಲವನ್ನೂ ಒಯ್ಯುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಎಲ್ಲಿ ಒಯ್ಯುತ್ತದೆ? ವರ್ಷದ ಮುಕ್ಕಾಲು ಭಾಗ ಡೋಣಿಯಲ್ಲಿ ಎಮ್ಮೆಯ ಮೊಣಕಾಲು ಮುಳುಗುವಷ್ಟೂ ನೀರಿರುತ್ತಿರಲಿಲ್ಲ. ಇದ್ದದ್ದೂ ಸವಳು, ಬಾಯಿಗೆ ಹಾಕಿದರೆ ಉಗುಳಬೇಕು. ನಾವು ಬಿಟ್ಟದ್ದೆಲ್ಲ ಮುಂದಿನ ತಿರುವಿನಲ್ಲೇ ಜಾಲಿಕಂಟಿಗೆ ಸಿಕ್ಕಿ ಕೊಳೆಯುತ್ತಿತ್ತು.

ಬಾಲ್ಯದ ನೆನಪು ಬರೆಯುವವರು ಬೆಲ್ಲ, ಬಾರಿಹಣ್ಣು, ಅಜ್ಜಿಯ ಕಥೆ ಎಂದು ಶುರು ಮಾಡುತ್ತಾರೆ. ನಾನೂ ಹಾಗೇ ಬರೆಯಬೇಕೆಂದು ಎರಡು ಸಲ ಕೂತೆ. ಆಗಲಿಲ್ಲ. ನನಗೆ ಹತ್ತು ತುಂಬಿದ ಆ ವರ್ಷವನ್ನು ನೆನೆದರೆ ಮೂಗಿಗೆ ಮೊದಲು ಬಡಿಯುವುದು ನಾತ. ಓದುವವರಲ್ಲಿ ಊಟಕ್ಕೆ ಕೂತವರಿದ್ದರೆ ಮುಗಿಸಿಕೊಂಡು ಬನ್ನಿ, ನನ್ನದೇನೂ ಅಭ್ಯಂತರವಿಲ್ಲ.

ನಮ್ಮೂರು ಬಬಲೇಶ್ವರದ ಕಡೆ, ಸಾರವಾಡಕ್ಕಿಂತ ಸ್ವಲ್ಪ ಮೇಲೆ, ಹೊಳೆಯ ದಂಡೆಗೇ ಇದೆ. ಹೆಸರು ಹೇಳುವುದಿಲ್ಲ. ಅಂದು ಅಲ್ಲಿದ್ದವರು ಇನ್ನೂ ಇದ್ದಾರೆ, ಜಗಳಕ್ಕೆ ಬರುತ್ತಾರೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ನಾನು, ಮತ್ತು ಚಿಗವ್ವ. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ ನೀಲವ್ವ. ತಿಕೋಟಾ ಕಡೆಯ ಕಳ್ಳಕವಟಗಿಯಿಂದ ಮದುವೆಯಾಗಿ ಬಂದು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆ ವರ್ಷ ಶ್ರಾವಣದಲ್ಲಿ ಕಾಕಾ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟ. ಮೂವತ್ತೂ ಆಗಿರದ ಗಂಡಸು, ಸೋಮವಾರ ಹೊಲದಲ್ಲಿ ಎಡೆ ಹೊಡೆದವನು ಗುರುವಾರ ಇರಲಿಲ್ಲ.

ಅವನು ಹೊದ್ದುಕೊಂಡೇ ಹೋದ ಕೌದಿ ಚಿಗವ್ವ ತವರಿಂದ ತಂದದ್ದು. ಅವಳ ತಾಯಿ ಒಂದು ಇಡೀ ಬೇಸಿಗೆ ಕೂತು, ತನ್ನ ಹಳೆಯ ಸೀರೆಗಳನ್ನು ತುಂಡು ಮಾಡಿ ಹೊಲಿದಿದ್ದಳಂತೆ. ಕೊನೆಯ ಹೊಲಿಗೆ ಹಾಕುವ ಮೊದಲು ಒಂದು ಚೂರು ಹೋಳಿಗೆಯನ್ನು ಅದರ ಹೊಟ್ಟೆಗೆ ಇಟ್ಟು ಮುಚ್ಚಿದ್ದಳು, ಕೌದಿ ಹಸಿದಿರಬಾರದು ಎಂದು. ಮದುವೆಯಾದ ಮೇಲೆ ಒಂದು ಕಡೆ ಹರಿದಾಗ ಚಿಗವ್ವ ಅದಕ್ಕೆ ಕಾಕಾನ ನೀಲಿ ಚೌಕಡಿ ಅಂಗಿಯ ತುಂಡು ಹಚ್ಚಿದ್ದಳು. ಆ ತಾಯಿಯೂ ಆಗಲೇ ತೀರಿಕೊಂಡಿದ್ದಳು. ಹೀಗಾಗಿ ಆ ಒಂದು ಕೌದಿಯಲ್ಲಿ ಅವಳ ಪಾಲಿನ ಇಬ್ಬರೂ ಇದ್ದರು. ಮೂರನೆಯ ದಿನ ಆಯಿ ಅದನ್ನು ಸುತ್ತಿ, ಅಪ್ಪನ ಕೈಯಲ್ಲಿ ಕೊಟ್ಟು ಹೊಳೆಗೆ ಕಳಿಸಿದಳು. ಚಿಗವ್ವ ಒಳಗಿಂದ "ಅದೊಂದು ಬಿಡ್ರೀ ಅತ್ತೀ" ಎಂದು ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ. ಯಾರೂ ಬಿಡಲಿಲ್ಲ.

ಅಲ್ಲಿಂದ ಚಿಗವ್ವ ನನ್ನ ಪಕ್ಕದಲ್ಲಿ ಮಲಗತೊಡಗಿದಳು. ನನ್ನ ಹೇನು ತೆಗೆಯುವವಳು, ಜಡೆ ಹೆಣೆಯುವವಳು, ಗಜ್ಜುಗ ಆಡುವಾಗ ಮೋಸ ಮಾಡಿ ಸಿಕ್ಕಿಬೀಳುವವಳು ಅವಳೇ. ದೊಡ್ಡವರಿಗೆ ಹೇಳಲಾರದ್ದನ್ನೆಲ್ಲ ನನಗೆ ಹೇಳುತ್ತಿದ್ದಳು. ಕನಸಿನಲ್ಲಿ ಕಾಕಾ ಬಂದು "ಚಳಿ ಆಕ್ಕೈತಿ" ಅಂದನೆಂದು ಒಂದು ಬೆಳಿಗ್ಗೆ ಹೇಳಿದಳು. ನಾನು ಹೆದರಿ ಅವಳ ಸೆರಗು ಹಿಡಿದುಕೊಂಡೆ.

ದಸರೆ ಮುಗಿದಿತ್ತು. ಬಂಗಾಲ ಉಪಸಾಗರದಲ್ಲಿ ಚಂಡಮಾರುತ ಎದ್ದಿದೆ ಎಂದು ಟಿವಿಯಲ್ಲಿ ಹೇಳಿದಾಗ ನಾವು ಶೇಂಗಾ ಸುಲಿಯುತ್ತ ಕೂತಿದ್ದೆವು. "ಸಮುದ್ರ ಎಲ್ಲಿ, ನಾವೆಲ್ಲಿ? ಅಲ್ಲಿ ಗಾಳಿ ಬೀಸಿದ್ರ ಇಲ್ಲಿ ನಮ್ಮ ಟೊಪಿಗಿ ಹಾರತೈತೇನು?" ಎಂದು ಅಪ್ಪ ನಕ್ಕ. ಎರಡನೆಯ ದಿನ ಮುಗಿಲು ಕರ್ರಗಾಗಿ ಮಳೆ ಹಿಡಿಯಿತು ನೋಡಿ, ಮೂರು ಹಗಲು ಮೂರು ರಾತ್ರಿ ಬಿಡಲಿಲ್ಲ. ಎರೆ ಮಣ್ಣು ಅಂಟಿ ಚಪ್ಪಲಿ ಕಾಲಿಂದ ಬರಲೊಲ್ಲದು. ಮಾಳಿಗೆ ಸೋರಿ ಮನೆಯಲ್ಲಿದ್ದ ಪಾತ್ರೆಯೆಲ್ಲ ನೆಲಕ್ಕೆ ಬಂದವು. ಡೋಣಿ ತನ್ನ ಪಾತ್ರ ಬಿಟ್ಟು ಹೊಲಗಳಿಗೆ ಹರಡಿತು. ಬಿತ್ತಿದ ಬಿಳಿಜೋಳ ಹೋಯಿತು, ಕಟ್ಟಿದ ದನ ಹೋದವು, ಸೇತುವೆಯ ಮೇಲೆ ನೀರು ಹತ್ತಿ ಬಸ್ಸು ನಿಂತವು. ಶಾಲೆಗೆ ರಜೆ ಕೊಟ್ಟದ್ದಕ್ಕೆ ನಾವು ಕುಣಿದೆವು.

ನೀರು ಇಳಿದ ಮೇಲೆ ಶುರುವಾಯಿತು ಹೇಸಿಗೆ. ಹೊಳೆಯ ಎರಡೂ ದಂಡೆಯ ಜಾಲಿಕಂಟಿಗಳು ಆಳೆತ್ತರದವರೆಗೆ ಚಿಂದಿ ಉಟ್ಟು ನಿಂತಿದ್ದವು. ಪ್ಲಾಸ್ಟಿಕ್ ಚೀಲ, ಸೀರೆ, ಗೊಬ್ಬರದ ಚೀಲ, ಹುಳ ಬಿದ್ದ ಕುರಿ, ಹೊಟ್ಟೆ ಉಬ್ಬಿ ಕಾಲು ಮೇಲೆ ಮಾಡಿದ ಕರು. ಅವುಗಳ ನಡುನಡುವೆ ದೇವರುಗಳು. ಲಕ್ಷ್ಮಿಯ ಮುಖದ ಮೇಲೆ ರಾಡಿ, ಗಣಪತಿಯ ಸೊಂಡಿಲಿಗೆ ಯಾರದೋ ಕಾಚ. ನಗಬೇಡಿ, ಅಂದು ನಾನೂ ನಕ್ಕಿದ್ದೆ, ನಗುತ್ತ ಬಾಯಿ ತೆರೆದಾಗ ನೊಣ ಒಳಗೆ ಹೋಯಿತು. ಹಿಂದೆ ತಿರುಗಿ ನೋಡದೆ ಬಿಟ್ಟು ಬಂದಿದ್ದ ಪ್ರತಿಯೊಂದನ್ನೂ ಹೊಳೆ ಊರ ಮುಂದೆ ತಂದು ಒಣಹಾಕಿತ್ತು. ಥೂ, ಆ ನಾತ! ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಅದ್ದಿದರೆ ಹಿಂಡಿಯಲ್ಲೂ ಅದೇ. ಅವ್ವ ಲೋಬಾನ ಹಾಕಿದರೆ ಲೋಬಾನ ಮತ್ತು ಕೊಳೆತ ಕರು ಎರಡೂ ಕೂಡಿದ ಮೂರನೆಯದೊಂದು ನಾತ ಹುಟ್ಟುತ್ತಿತ್ತು.

ಊರಿನ ಯುವಕ ಮಂಡಳಿಯವರು, ಅವರ ಮುಂದಾಳು ಈರಣ್ಣ, ಶಾಲೆಯ ಮಕ್ಕಳು ಎಲ್ಲ ಸೇರಿ ಹೊಳೆ ಸ್ವಚ್ಛ ಮಾಡಬೇಕೆಂದು ಗೊತ್ತು ಮಾಡಿದವರು ನಮ್ಮ ವಿಜ್ಞಾನದ ಸರ್. ಒಳ್ಳೆಯ ಮನುಷ್ಯ. ಎಲ್ಲವನ್ನೂ ಅಳೆದು ಬರೆದಿಟ್ಟರೆ ಜಗತ್ತು ಸುಧಾರಿಸುತ್ತದೆಂದು ಖರೇನೇ ನಂಬಿದ್ದರು. ನೀರಿನಲ್ಲಿ ಬಣ್ಣದ ಗೆರೆ ಎಳೆದ ಒಂದು ಬಿದಿರು ನಿಲ್ಲಿಸಿದರು. ದಿನಾ ಮುಂಜಾನೆ ನೀರು ಎಷ್ಟು ಗೆರೆಗೆ ಇದೆ, ಬಣ್ಣ ಏನು, ವಾಸನೆ ಏನು ಎಂದು ಬರೆಯಬೇಕು. ಜೊತೆಗೆ ಹೊಳೆಯಿಂದ ತೆಗೆದು ದಂಡೆಯಲ್ಲಿ ಗುಡ್ಡೆ ಹಾಕಿದ ಪ್ರತಿ ವಸ್ತುವಿನ ಯಾದಿ. ಆ ವಹಿ ನನ್ನ ಕೈಗೆ ಬಂತು.

"ಸುಮಿ, ನಿನ್ನ ಅಕ್ಷರ ದುಂಡಗ ಅದಾವ, ನೀ ಬರಿ. ಬರದದ್ದು ಗುಡ್ಡಿಯೊಳಗ ಇರಬೇಕು, ಗುಡ್ಡಿಯೊಳಗ ಇದ್ದದ್ದು ಬರದಿರಬೇಕು. ಚಿತ್ತು ಮಾಡಬಾರದು. ತಿಳೀತಿಲ್ಲೋ?"

ತಿಳಿಯಿತು. ತಿಳಿಯುವುದೇನು, ತಲೆಗೇ ಹತ್ತಿತು. ಇಡೀ ಶಾಲೆಯಲ್ಲಿ ಪೆನ್ನು ಹಿಡಿದವಳು ನಾನೊಬ್ಬಳು, ಉಳಿದವರ ಕೈಯಲ್ಲಿ ಸಲಿಕೆ, ಕುಡಗೋಲು. ಏಳನೆಯ ಇಯತ್ತೆಯ ಹುಡುಗರು ಕೂಡ ಚಪ್ಪಲಿ ಎತ್ತಿ ತೋರಿಸಿ "ಬರಕೋ ಸುಮಿ" ಎಂದು ಕೂಗಬೇಕು. ನಾನು ದುಂಡಗೆ ಬರೆಯುತ್ತಿದ್ದೆ: ನೀರಿನ ಬಣ್ಣ, ಹಾಲು ಕಡಿಮೆ ಹಾಕಿದ ಚಹಾ. ವಾಸನೆ, ಸತ್ತ ನಾಯಿ. ಸರ್ ಬೆನ್ನು ಚಪ್ಪರಿಸಿದರು.

ಎರಡನೆಯ ದಿನ ಚಿಗವ್ವ ಬುಟ್ಟಿ ಹಿಡಿದು ಹೊಳೆಗೆ ಬಂದಳು. ಆಯಿ ಬಾಗಿಲಲ್ಲಿ ನಿಂತು ತಡೆದಿದ್ದಳು. "ಅಲ್ಲಿ ನಿಂದೇನೈತಿ ಬೇ?" ಎಂದು ಕೇಳಿದ್ದಕ್ಕೆ "ಊರ ಮಂದಿ ಎಲ್ಲಾ ಹೊಂಟಾರ, ನಾನೂ ಹೊಕ್ಕೀನ್ರಿ" ಅಂದಳಷ್ಟೆ. ಕಸ ಆರಿಸುವವರು ಸಿಕ್ಕದ್ದನ್ನು ಎಳೆದು ಎಸೆಯುತ್ತಿದ್ದರೆ ಅವಳು ಒಂದೊಂದು ಅರಿವೆಯನ್ನೂ ಬಿಡಿಸಿ, ತಿರುಗಿಸಿ ನೋಡುತ್ತಿದ್ದಳು. ಮಧ್ಯಾಹ್ನ ಮಂಡಳಿಯವರು ಕೊಟ್ಟ ಚುರಮುರಿ, ಮಿರ್ಚಿ ತಿನ್ನುತ್ತ ಕೂತಾಗ ನನ್ನ ಕಿವಿಗೆ ಬಾಯಿ ತಂದಳು.

"ಸುಮಿ, ಎಲ್ಲಾರ್ದೂ ಬಂದೈತಿ. ನಂದೂ ಬಂದಿರತೈತಿ."

"ಏನು?"

"ಕೌದಿ. ಅದೊಂದು ಸಿಕ್ರ ಸಾಕವ್ವಾ. ಮತ್ತ ನಾ ಏನೂ ಕೇಳಾಂಗಿಲ್ಲ ಈ ಹೊಳಿಗಿ."

ನಾನೂ ಹುಡುಕತೊಡಗಿದೆ. ಚೌಕಡಿ ಅಂಗಿಯ ಗುರುತು ನನಗೂ ಗೊತ್ತಿತ್ತು. ಸಿಕ್ಕರೆ ಮನೆಗೆ ಒಯ್ಯಲು ಬಿಡುವವರಾರು ಎಂಬ ಮಾತು ಇಬ್ಬರೂ ಆಡಲಿಲ್ಲ.

ನಾಲ್ಕನೆಯ ದಿನ ಸಿಕ್ಕಿತು. ಉಳಿದವರೆಲ್ಲ ಕೆಳಗಿನ ಒಡ್ಡಿನ ಹತ್ತಿರ ಒಂದು ಸತ್ತ ಎಮ್ಮೆಗೆ ಹಗ್ಗ ಹಾಕಿ ಜಗ್ಗುತ್ತ ಗದ್ದಲ ಎಬ್ಬಿಸಿದ್ದರು. ನಾವಿಬ್ಬರು ತಿರುವಿನ ಈಚೆ ಇದ್ದೆವು. ಜಾಲಿಯ ಬುಡದಲ್ಲಿ, ರಾಡಿಯಲ್ಲಿ ಅರ್ಧ ಹೂತು ಒಂದು ದಪ್ಪ ಗಂಟು. ಚಿಗವ್ವ ಎಳೆದಾಗ ಪಚಕ್ಕೆಂದು ಬಂತು, ಅದರೊಳಗಿಂದ ಬಿಳಿ ಹುಳುಗಳು ಅಕ್ಕಿ ಚೆಲ್ಲಿದ ಹಾಗೆ ಉದುರಿದವು. ಯಾವುದೋ ಸಣ್ಣ ಪ್ರಾಣಿ ಒಳಗೆ ಸಿಕ್ಕು ಸತ್ತು ಕರಗಿಹೋಗಿತ್ತು. ನಾನು ಅಲ್ಲೇ ಬಗ್ಗಿ ಮುಂಜಾನೆ ತಿಂದ ಉಪ್ಪಿಟ್ಟನ್ನೆಲ್ಲ ಕಾರಿಕೊಂಡೆ. ಬಾಯಿ ಒರೆಸಿಕೊಂಡು, ಮೂಗು ಮುಚ್ಚಿ, ಮಾಡಬೇಕಾದ ಕೆಲಸ ಎಂದು ವಹಿ ತೆಗೆದು ಬರೆದೆ: ಕೌದಿ ಒಂದು, ಬಹಳ ನಾತ.

ತಲೆ ಎತ್ತಿದರೆ ಚಿಗವ್ವ ಆ ಹೊಲಸನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು. ಹೆಬ್ಬೆರಳಿಂದ ಒಂದು ಮೂಲೆಯ ರಾಡಿ ತಿಕ್ಕಿದಳು. ನೀಲಿ ಚೌಕಡಿ ಕಂಡಿತು. ಅವಳು ಅತ್ತದ್ದಲ್ಲ, ನಕ್ಕದ್ದೂ ಅಲ್ಲ, ಗಂಟಲಿಂದ ಏನೋ ಒಂದು ಸಪ್ಪಳ ಬಂತು. ಆಮೇಲೆ ನನ್ನ ಕೈಯಲ್ಲಿದ್ದ ವಹಿಯನ್ನು ನೋಡಿದಳು.

"ಬರೀಬ್ಯಾಡ ಸುಮಿ."

"ಬರದೀನಿ ಚಿಗವ್ವಾ."

"ಹೊಡದ ಹಾಕು."

"ಚಿತ್ತು ಮಾಡಬಾರದು ಅಂತ ಸರ್ ಹೇಳ್ಯಾರ."

ಅವಳು ಮತ್ತೆ ಕೇಳಲಿಲ್ಲ. "ಹೋಗ್ಲಿ ಬಿಡು. ಬಾಯಿಲೆ ಮಾತ್ರ ಯಾರ ಮುಂದೂ ಹೇಳಬ್ಯಾಡ. ನನ್ನ ಆಣಿ ಐತಿ" ಅಂದಳು. ನಾನು ಗಂಟಲು ಮುಟ್ಟಿ ಆಣೆ ಮಾಡಿದೆ.

ಕೌದಿಯನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಹುಲ್ಲು ಮುಚ್ಚಿ ನಮ್ಮ ಹೊಲದ ಗುಡಿಸಲಿಗೆ ಒಯ್ದಳು. ಅಲ್ಲಿ ಬೋರಿನ ನೀರಿತ್ತು. ಆ ಸಂಜೆ ಒಮ್ಮೆ, ಮಾರನೆಯ ದಿನ ಮೂರು ಸಲ, ಅದರ ಮಾರನೆಯ ದಿನ ಮತ್ತೆರಡು ಸಲ ತೊಳೆದಳು. ಸೋಡಾಪುಡಿ, ಬೂದಿ, ಸಾಬೂನು, ಬೇವಿನ ಎಲೆ, ಏನು ಸಿಕ್ಕರೆ ಅದು. ಶಾಲೆ ಇನ್ನೂ ಶುರುವಾಗಿರಲಿಲ್ಲ, ನಾನು ವಹಿಯ ಕೆಲಸ ಮುಗಿಸಿ ಓಡಿಹೋಗಿ ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದೆ. ನೆನೆದ ಕೌದಿ ಹೆಣ ಭಾರ, ತೋಳು ಬಿದ್ದುಹೋಗುತ್ತಿದ್ದವು. ಮೊದಲ ನೀರು ಕರ್ರಗೆ ಹೋಯಿತು, ಆಮೇಲಿನದು ಕಂದು, ಕಡೆಗೆ ಬರೀ ಸಾಬೂನಿನ ನೊರೆ. ಕೆಂಪು, ಹಸಿರು, ಅರಿಷಿಣ ಒಂದೊಂದೇ ಬಣ್ಣ ಹೊರಗೆ ಬಂದವು. ಬಿಸಿಲಿಗೆ ಬಂಡೆಯ ಮೇಲೆ ಹರವಿದಾಗ ಚಿಗವ್ವ ಒಂದೊಂದೇ ತುಂಡು ಮುಟ್ಟಿ ಹೇಳಿದಳು: "ಇದು ನಮ್ಮವ್ವ ನನ್ನ ಹಡದಾಗ ಉಟ್ಟಿದ್ದು. ಇದು ಯಲ್ಲಮ್ಮನ ಗುಡ್ಡಕ್ಕ ಹೋದಾಗಿಂದು. ಇದು ನಿಮ್ಮ ಕಾಕಾಂದು." ಕಡೆಗೆ ಮೂಗಿಟ್ಟು ನೋಡಿದಳು. ನಾನೂ ನೋಡಿದೆ. ನಾತ ಹೋಗಿತ್ತು. ಬಿಸಿಲಿನ ವಾಸನೆ, ಬೇವಿನ ವಾಸನೆ ಇತ್ತು. ಶ್ರಾವಣದ ನಂತರ ಅವಳು ಹೊಟ್ಟೆ ತುಂಬ ಉಂಡದ್ದು ಅಂದೇ, ಗುಡಿಸಲ ಮುಂದೆ ಕೂತು, ಎರಡು ಕಟಕ ರೊಟ್ಟಿ ಮತ್ತು ಉಳ್ಳಾಗಡ್ಡಿ.

ಭಾನುವಾರ ಮುಕ್ತಾಯ ಸಮಾರಂಭ. ಹೊಳೆ ದಂಡೆಗೆ ಶಾಮಿಯಾನ ಹಾಕಿ, ವಿಜಯಪುರದಿಂದ ಅತಿಥಿಗಳನ್ನು ಕರೆಸಿದ್ದರು. ಬಿಳಿ ಟೊಪ್ಪಿಗೆ, ಕೈಗೆ ರಬ್ಬರಿನ ಗವಸು ಹಾಕಿಕೊಂಡ ಏಳೆಂಟು ಜನ. ಒಬ್ಬೊಬ್ಬರೂ ಗುಡ್ಡೆಯಿಂದ ಒಂದೊಂದು ಬಾಟಲಿ ಎತ್ತಿ, ಫೋಟೋ ತೆಗೆಸಿಕೊಂಡು, ಅದೇ ಬಾಟಲಿಯನ್ನು ಮತ್ತೆ ಗುಡ್ಡೆಗೆ ಎಸೆದರು. ಐದು ದಿನ ಹುಳ ಬಿದ್ದ ಹೆಣ ಎಳೆದ ನಮ್ಮೂರ ಹುಡುಗರು ದೂರ ನಿಲ್ಲಬೇಕಾಯಿತು, ಮೈ ನಾರುತ್ತದೆ ಎಂದು.

ಅವರ ಪೈಕಿ ಒಬ್ಬ ಸಾಹೇಬರು ದಾಖಲೆ ನೋಡಬೇಕೆಂದರು. ಸರ್ ಮುಖ ಅರಳಿತು. ನನ್ನ ವಹಿ ತೆರೆದು ಗಟ್ಟಿಯಾಗಿ ಓದುತ್ತ ಹೋದರು, ಈರಣ್ಣ ಕೋಲಿನಿಂದ ಗುಡ್ಡೆಯಲ್ಲಿ ತೋರಿಸುತ್ತ ಹೋದ. ದೇವರ ಫೋಟೋ, ಅದಾವ. ಚಪ್ಪಲಿ, ಅದಾವ. ಹಾಸಿಗೆ, ಅದಾವ. ಊರು ಊರೇ ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿ ಆಯಿ, ಹಿಂದೆ ಹೆಂಗಸರ ನಡುವೆ ಚಿಗವ್ವ.

"ಕೌದಿ ಒಂದು, ಬಹಳ ನಾತ" ಎಂದು ಓದಿದರು ಸರ್. ಜನ ನಕ್ಕರು. ಈರಣ್ಣ ಕೋಲಾಡಿಸಿದ, ಕೌದಿ ಇರಲಿಲ್ಲ.

"ಕೌದಿ ಎಲ್ಲೈತಿ ಸುಮಿ?"

ನಾನು ಸುಮ್ಮನೆ ನಿಂತೆ. ನಿಜವಾಗಿಯೂ ಸುಮ್ಮನೆ ನಿಂತೆ, ಅಷ್ಟು ಮಾತ್ರ ನನ್ನ ಕಡೆಯಿಂದ ಹೇಳಿಕೊಳ್ಳಬಹುದು. ಸರ್ ಇನ್ನೊಮ್ಮೆ ಕೇಳಿದರು. ಆಗ ಆ ಸಾಹೇಬರು ಕೈಗವಸು ಬಿಚ್ಚುತ್ತ ಅಂದರು, "ಬಿಡ್ರಿ ಸರ್. ಸಣ್ಣ ಹುಡುಗಿ, ಏನೋ ತಪ್ಪು ಬರದಾಳ. ಹಳ್ಳಿ ಮಕ್ಕಳ ದಾಖಲಿ ಅಂದ್ರ ಇಷ್ಟ."

"ತಪ್ಪು ಬರದಿಲ್ರೀ!" ಎಂದು ನಾನು ಕಿರುಚಿದೆ. "ನಾ ಬರದದ್ದು ಖರೇ ಐತ್ರಿ. ಕೌದಿ ನಮ್ಮ ಹೊಲದ ಗುಡಿಸಲದಾಗ ಐತಿ. ನಮ್ಮ ಚಿಗವ್ವ ಒಯ್ದಾಳ್ರಿ."

"ಶಭಾಷ್! ಇಂಥ ಮಕ್ಕಳು ಬೇಕು ನೋಡ್ರಿ ದೇಶಕ್ಕ" ಎಂದು ಸಾಹೇಬರು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ಆ ಚಪ್ಪಾಳೆ ನನಗೆ ಸಿಹಿಯಾಗಿತ್ತು. ಒಂದು ಕ್ಷಣ, ಪೂರ್ತಿ ಒಂದು ಕ್ಷಣ, ನಾನು ಏನು ಮಾಡಿದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಆ ಸಿಹಿ ನೆನಪಾದರೆ ಇಂದಿಗೂ ನನ್ನ ಮೇಲೆ ನನಗೇ ವಾಕರಿಕೆ ಬರುತ್ತದೆ.

ಆಯಿ ಎದ್ದು ನಿಂತಿದ್ದಳು. "ಯಾವ ಕೌದಿ ಬೇ ನೀಲವ್ವ?"

ಚಿಗವ್ವ ತಲೆಯ ಮೇಲಿನ ಸೆರಗು ಮುಂದೆ ಎಳೆದುಕೊಂಡಳು.

"ಸತ್ತವ್ನ ಹಾಸಿಗಿ ತಿರಗಿ ನಮ್ಮ ಹೊಲಕ್ಕ ತಂದೀಯೇನು? ನನಗಿನ್ನ ಒಬ್ಬ ಮಗ ಉಳದಾನ. ಅವನ್ನೂ ಕಳಿಸಬೇಕಂತ ಮಾಡೀಯೇನು?" ಆಯಿಯ ದನಿ ನಡುಗುತ್ತಿತ್ತು. ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತೆಂದು ಈಗ ತಿಳಿಯುತ್ತದೆ. ಸತ್ತವನು ಅವಳ ಮಗ. ಅಂದು ಅವಳು ನನಗೆ ಬರೀ ಮುದಿ ರಾಕ್ಷಸಿಯಾಗಿ ಕಂಡಳು, ಮತ್ತು ಅವಳನ್ನು ಎಬ್ಬಿಸಿದವಳು ನಾನೇ ಎಂಬುದನ್ನು ಮರೆಯಲು ಅದು ಅನುಕೂಲವೂ ಆಯಿತು.

ಈರಣ್ಣ ಗಾಡಿ ಮೇಲೆ ಹೋಗಿ ಕೌದಿ ತಂದ. ಮುಟ್ಟಬಾರದೆಂದು ಬಿದಿರಿನ ತುದಿಗೆ ಸಿಕ್ಕಿಸಿಕೊಂಡು, ಬಾವುಟ ಹಿಡಿದಂತೆ ತಂದ. ಅಷ್ಟು ಬಣ್ಣ, ಅಷ್ಟು ಸ್ವಚ್ಛ! ಆ ಶಾಮಿಯಾನದ ಕೆಳಗೆ, ಸಾಹೇಬರ ಬಿಳಿ ಟೊಪ್ಪಿಗೆಯೂ ಸೇರಿ, ಅದಕ್ಕಿಂತ ಸ್ವಚ್ಛವಾದದ್ದು ಒಂದೂ ಇರಲಿಲ್ಲ. ಕಣ್ಣಿದ್ದವರಿಗೆಲ್ಲ ಕಂಡಿತು. ಕಂಡೂ ಅದನ್ನು ಗುಡ್ಡೆಯ ಮೇಲೆ, ಕೊಳೆತ ಚಪ್ಪಲಿ, ಗುಳಿಗೆ, ಹೊಲಸು ಹಾಸಿಗೆಗಳ ಮೇಲೆ ಹಾಕಿದರು. ಬರೆದದ್ದು ಗುಡ್ಡೆಯಲ್ಲಿರಬೇಕಲ್ಲ! ಸರ್ ಕನ್ನಡಕ ಸರಿಮಾಡಿಕೊಂಡು ಆ ಸಾಲಿನ ಮುಂದೆ ಗುರುತು ಹಾಕಿದರು. "ದಾಖಲಿ ಸರಿ ಹೋತು" ಎಂದು ಸಣ್ಣ ದನಿಯಲ್ಲಿ ಅಂದರು. ಯಾರಿಗೆ ಅಂದರೋ ಗೊತ್ತಿಲ್ಲ.

ಚಿಗವ್ವ ಮುಂದೆ ಬಂದಳು. "ಅತ್ತೀ, ಅಂಗೈ ಅಗಲ ಹರಕೊಡ್ರಿ. ಚೌಕಡಿದೊಂದು. ಅಷ್ಟ ಸಾಕು."

"ತುಂಡಾದ್ರೂ ಅದು ಅದ" ಅಂದಳು ಆಯಿ.

ಮಂದಿ ಬೇರೆ ಕಡೆ ನೋಡಿದರು. ಅತಿಥಿಗಳಿಗೆ ಶಾಲು ಹೊದಿಸುವುದಿತ್ತು, ಹೊದಿಸಿದರು.

ಅತಿಥಿಗಳ ಜೀಪು ಹೋದ ಮೇಲೆ ಇನ್ನೊಂದು ರಾಮಾಯಣ. ಸರ್ ತಗ್ಗು ತೋಡಿಸಿದ್ದರು, ಗುಡ್ಡೆಯನ್ನು ಸುಟ್ಟು ಮುಚ್ಚಬೇಕೆಂದು. ಹಿರಿಯರು ಒಪ್ಪಲಿಲ್ಲ. ದೇವರನ್ನು ಹೇಗೆ ಸುಡುವುದು? ಸತ್ತವರ ಹಾಸಿಗೆಯನ್ನು ಊರ ನೆಲದಲ್ಲಿ ಹೇಗೆ ಹೂಳುವುದು? ಹಾಗಾದರೆ ಏನು ಮಾಡುವುದು? ಸ್ವಲ್ಪ ಹೊತ್ತು ಕೂತು ಯೋಚನೆ ಮಾಡಿ, ನಮ್ಮೂರ ಮಹಾನುಭಾವರು ತಮಗೆ ಗೊತ್ತಿದ್ದ ಒಂದೇ ಉಪಾಯಕ್ಕೆ ಬಂದರು. ಐದು ದಿನ ಹೊಳೆಯಿಂದ ಎತ್ತಿದ್ದನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿದರು. ಹೊತ್ತು ಮುಳುಗುವ ಮೊದಲೇ ಸೇತುವೆಗೆ ಒಯ್ದು, ಕಾಯಿ ಒಡೆದು, ಕರ್ಪೂರ ಬೆಳಗಿ, ಟ್ರಾಲಿ ಎತ್ತಿ ಹೊಳೆಗೇ ಸುರಿದರು. ಸರ್ "ಹಿಂಗ ಮಾಡಬ್ಯಾಡ್ರಿ, ಹಿಂಗ ಮಾಡಬ್ಯಾಡ್ರಿ" ಎಂದು ಟ್ರ್ಯಾಕ್ಟರಿನ ಹಿಂದೆ ಹತ್ತು ಹೆಜ್ಜೆ ನಡೆದರು.

"ನೀರು ಇನ್ನ ಜೋರೈತ್ರಿ ಸರ್. ಮುಂದ ಸಾರವಾಡದವ್ರು ನೋಡ್ಕೋತಾರ ಬಿಡ್ರಿ" ಎಂದ ಈರಣ್ಣ. ಎಲ್ಲರೂ ಕೈಕಾಲು ತೊಳೆದು ತಿರುಗಿ ನೋಡದೆ ಮನೆಗೆ ಬಂದರು. ನಾನು ನೋಡಿದೆ. ಕೌದಿ ಬೇಗ ಮುಳುಗಲಿಲ್ಲ.

ಮಾರನೆಯ ಮುಂಜಾನೆ ವಹಿ ಹಿಡಿದು ಬಿದಿರಿನ ಹತ್ತಿರ ಹೋದೆ. ನೀರಿನ ನಿಗಾ ಇನ್ನೂ ಹದಿನೈದು ದಿನ ಇತ್ತು. ನಿನ್ನೆ ಹಾಕಿದ್ದನ್ನು ಎಲ್ಲಿ ಬರೆಯಲಿ ಎಂದು ಸರ್‌ಗೆ ಕೇಳಿದೆ. ಅವರು ಬಿದಿರಿನ ಗೆರೆ ಎಣಿಸಿದರು.

"ಬಂದದ್ದನ್ನ ಬರಿ ಸುಮಿ. ಹಾಕಿದ್ದಕ್ಕ ಕಾಲಂ ಇಲ್ಲ."

ಮನೆಯಲ್ಲಿ ಚಿಗವ್ವ ನನಗೆ ಎಂದಿನಂತೆ ರೊಟ್ಟಿ ಬಡಿಸಿದಳು, ಜಡೆ ಹೆಣೆದಳು. ಬೈದಿದ್ದರೆ, ಒಂದು ಕಪಾಳಕ್ಕೆ ಹೊಡೆದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಎರಡು ದಿನ ತಡೆದು ನಾನೇ ಕೇಳಿದೆ, "ಚಿಗವ್ವಾ, ಸಿಟ್ಟ ಬಂದೈತೇನು?"

"ಸಿಟ್ಟ್ಯಾಕ? ನೀ ಏನು ಸುಳ್ಳ ಹೇಳಿದ್ಯಾ?" ಅಂದಳು. ಬಾಚಣಿಕೆಯ ಕೂದಲು ತೆಗೆದು, ಸುತ್ತಿ, ಗೋಡೆಯ ಸಂದಿಗೆ ಸಿಕ್ಕಿಸಿದಳು. ಅಂದಿನಿಂದ ಕನಸು ಹೇಳುವುದು ನಿಂತಿತು. ದೀಪಾವಳಿ ಆದ ವಾರಕ್ಕೆ ಅವಳ ಅಣ್ಣ ಬಂದು ಕಳ್ಳಕವಟಗಿಗೆ ಕರೆದುಕೊಂಡು ಹೋದ. ನಾಲ್ಕು ದಿನಕ್ಕೆಂದು ಹೋದವಳು ತಿರುಗಿ ಬರಲಿಲ್ಲ.

ಈಗ ನಾನು ವಿಜಯಪುರದಲ್ಲಿ, ಜೋರಾಪುರ ಪೇಟೆಯಲ್ಲಿ ಇದ್ದೇನೆ. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಪಗಾರದ ನೌಕರಿ. ಊರೂರಿನ ನೀರು ಬಾಟಲಿಯಲ್ಲಿ ಬರುತ್ತದೆ, ಡೋಣಿಯದೂ ಬರುತ್ತದೆ. ಮುಚ್ಚಳ ತೆಗೆದರೆ ಸಾಕು, ಯಂತ್ರ ಹೇಳುವ ಮೊದಲೇ ಮೂಗಿಗೆ ತಿಳಿಯುತ್ತದೆ. ಹೊಳೆ ಸ್ವಚ್ಛ ಮಾಡುವವರ ಫೋಟೋ ಪೇಪರಿನಲ್ಲಿ 'ನಮ್ಮ ಡೋಣಿ, ನಮ್ಮ ಹೆಮ್ಮೆ' ಎಂಬ ಬ್ಯಾನರಿನ ಜೊತೆ ಬರುತ್ತದೆ. ಆ ಕಸ ಆಮೇಲೆ ಎಲ್ಲಿಗೆ ಹೋಗುತ್ತದೆಂದು ನಾನು ಯಾರನ್ನೂ ಕೇಳುವುದಿಲ್ಲ. ನಾವು ಮೀನು ಹಿಡಿಯುತ್ತಿದ್ದ ಮಡು ಈಗಿಲ್ಲ, ಹುಡುಗರು ಈಜು ಕಲಿಯುತ್ತಿದ್ದ ಜಾಗ ಜಾಲಿ ಬೆಳೆದು ಮುಚ್ಚಿದೆ. ಅವೆಲ್ಲ ಊರಿಗೆ ಊರೇ ಸೇರಿ ಕಳೆದದ್ದು, ಹಂಚಿಕೊಂಡು ಅಳಬಹುದು. ನಾನೊಬ್ಬಳೇ ಕಳೆದದ್ದರ ಮಾತು ಬೇರೆ.

ಹೋದ ವರ್ಷ ಚಿಗವ್ವನಿಗೆ ಗರ್ಭಕೋಶದ ಆಪರೇಷನ್ ಆಯಿತು. ವಿಜಯಪುರದಲ್ಲೇ, ನಮ್ಮ ಮನೆಯಿಂದ ಎರಡು ಓಣಿ ಆಚೆಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದಳಂತೆ. ಅಣ್ಣನ ಸೊಸೆ ಹೊರಗಿನ ಖಾನಾವಳಿಯಿಂದ ಗಂಜಿ ತಂದು ಕುಡಿಸಿದಳಂತೆ. ನಾನು ದಿನಾ ಆ ಆಸ್ಪತ್ರೆಯ ಮುಂದೆಯೇ ಸ್ಕೂಟಿ ಮೇಲೆ ಹೋಗಿ ಬರುತ್ತಿದ್ದೆ. ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಒಂದು ಮದುವೆಯಲ್ಲಿ, ಯಾರೋ ಮಾತಿಗೆ ಹೇಳಿದಾಗ. ಅಲ್ಲಿದ್ದ ಬೀಗರಿಗೆಲ್ಲ ಗೊತ್ತಿತ್ತು.

ಮರುದಿನವೇ ಹಣ್ಣು ಕಟ್ಟಿಸಿಕೊಂಡು ಕಳ್ಳಕವಟಗಿಗೆ ಹೋದೆ. ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಸೊರಗಿದ್ದಳು. ನನ್ನನ್ನು ಕಂಡು ಮುಖ ಅರಳಿಸಿದಳು, ಚಹಾ ಇಡಿಸಿದಳು, ಮಕ್ಕಳು ಹೇಗಿದ್ದಾರೆ ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ.

"ನಾ ಎರಡು ಓಣಿ ಆಚೆ ಇದ್ನಲ್ಲಾ ಚಿಗವ್ವಾ. ನನಗ್ಯಾಕ ಹೇಳಿ ಕಳಸಲಿಲ್ಲ?"

"ಹೆಂಗಸರ ಬ್ಯಾನಿ ಅವ್ವಾ, ಊರಿಗೆಲ್ಲ ಗೊತ್ತಾಗೂದು ಬ್ಯಾಡಾಗಿತ್ತು" ಎಂದು ಅವಳು ಮೊರ ಕುಟ್ಟಿದಳು, ಹೊಟ್ಟು ಹಾರಿತು. "ಅದಕ್ಕ ನಿನಗ ಹೇಳಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಚಹಾ ಆರುವವರೆಗೆ ಕೈಯಲ್ಲೇ ಹಿಡಿದು ಕೂತಿದ್ದೆ.